ದೀಪಾವಳಿಯಿಂದ ಹಾವು ಏನೂ ತಿಂದಿಲ್ಲ, ಸಾಕಿದವರು ಹೇಳಿ

ಷಿಕಾಗೋದಿಂದ ಕೇಳ್ತಿದ್ದೀನಿ. ನನ್ನ ಮಗ ಬಾಲ್ ಪೈಥಾನ್ (ಆಫ್ರಿಕಾದ ಒಂದು ಜಾತಿ ಹೆಬ್ಬಾವು) ಸಾಕಿದ್ದಾನೆ. ಗಂಡು, ಮೂರು ವರ್ಷದ್ದು. ದೀಪಾವಳಿ ವಾರ ತಿಂದದ್ದೇ ಕೊನೆ, ಏಳು ವಾರ ಆಯ್ತು. ಇಲಿ ಮುಂದೆ ಹಿಡಿದರೆ ನಾಲಗೆ ಚಾಚಿ ನೋಡುತ್ತೆ, ಮುಖ ತಿರುಗಿಸುತ್ತೆ. ಊರಿಂದ ಅಮ್ಮ ಫೋನ್ ಮಾಡಿದಾಗೆಲ್ಲ "ಒಂದು ಬಟ್ಟಲು ಹಾಲಿಟ್ಟು ನೋಡೇ" ಅಂತಾರೆ. ಮಗ ಸರಿಯಾಗಿ ಊಟ ಮಾಡ್ತಿಲ್ಲ. ಏನು ಮಾಡಲಿ?

ಆಸ್ಟಿನ್‌ನಿಂದ:
ಅಕ್ಕಾ, ಹಾಲು ಬೇಡವೇ ಬೇಡ. ಪಂಚಮಿಗೆ ಹುತ್ತಕ್ಕೆ ಎರೆಯೋದು ನಮ್ಮ ಭಕ್ತಿ, ಹಾವಿನ ಹೊಟ್ಟೆಗೆ ಅದು ಒಗ್ಗಲ್ಲ. ನೀರಿನ ಬಟ್ಟಲಿದ್ದರೆ ಸಾಕು.
ನನ್ನದೂ ಗಂಡೇ. ಒಂದು ಚಳಿಗಾಲ ನಾಲ್ಕೂವರೆ ತಿಂಗಳು ಬಾಯಿ ಬಿಡಲಿಲ್ಲ. ನಾನು ದಿನ ಬಿಟ್ಟು ದಿನ ಇಲಿ ತೋರಿಸೋದು, ಎತ್ತಿ ಎತ್ತಿ ನೋಡೋದು. ಅದು ಇನ್ನಷ್ಟು ಮುದುಡಿಕೊಂಡಿತು. ಕೊನೆಗೆ ಅಡುಗೆಮನೆ ತಕ್ಕಡಿ ತಂದು ವಾರಕ್ಕೊಂದು ಸಲ ತೂಗಿ ಬರೆದಿಡೋಕೆ ಶುರು ಮಾಡಿದೆ. 1,310 ಗ್ರಾಂ ಇದ್ದದ್ದು 1,265 ಆಗಿತ್ತು, ಅಷ್ಟೇ. ಘಾನಾ, ಬೆನಿನ್ ಕಡೆಯ ಹಾವು ಇವು. ಬೆಳೆದ ಗಂಡುಗಳು ಕೂಡುವ ಕಾಲಕ್ಕೆ ಊಟ ಬಿಡೋದು ಮಾಮೂಲು. ಮಾರ್ಚ್‌ನಲ್ಲಿ ಒಂದು ರಾತ್ರಿ ಏನೂ ನಡೆದೇ ಇಲ್ಲ ಅನ್ನೋ ಹಾಗೆ ಇಲಿ ಕಚ್ಚಿಕೊಂಡಿತು.
ತೂಕ ಶೇ. 10ರಷ್ಟು ಇಳಿದರೆ ಸರೀಸೃಪ ನೋಡುವ ಡಾಕ್ಟರ ಹತ್ತಿರ ಹೋಗಿ. ಮೂಗಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ ಕಂಡರೆ ತಕ್ಕಡಿ ನೋಡುತ್ತಾ ಕೂರಬೇಡಿ, ಅವತ್ತೇ ಹೋಗಿ. ಮರಿಯಾಗಿದ್ದರೆ ಇಷ್ಟು ಕಾಯಿರಿ ಅಂತ ನಾನು ಹೇಳ್ತಿರಲಿಲ್ಲ.

ಇಂಗ್ಲೆಂಡಿನ ರೆಡಿಂಗ್‌ನಿಂದ:
ನಮ್ಮ ಮನೇಲಿ ತಪ್ಪು ನಮ್ಮದೇ. ಹಾವಿನ ಪೆಟ್ಟಿಗೆಯ ಗಾಜಿಗೆ ಅಂಟಿಸಿದ್ದ ಥರ್ಮಾಮೀಟರ್ 32 ಡಿಗ್ರಿ ತೋರಿಸ್ತಿತ್ತು. ವೈರಿನ ತುದಿ ನೆಲಕ್ಕೆ ತಾಗಿಸೋ ಡಿಜಿಟಲ್ ತಂದಿಟ್ಟರೆ 26! ಮೈ ಬಿಸಿಯಾಗದೆ ಹಾವಿಗೆ ತಿಂದದ್ದು ಅರಗಲ್ಲ, ಅದಕ್ಕೇ ತಿನ್ನೋ ಗೋಜಿಗೇ ಹೋಗಲ್ಲ. ಬಿಸಿ ಬದಿ 31–33, ತಂಪು ಬದಿ 25–27 ಇರಲಿ, ಹೀಟರಿಗೆ ಬಿಸಿ ಹದದಲ್ಲಿಡೋ ಥರ್ಮೋಸ್ಟಾಟ್ ಕಡ್ಡಾಯ. ನಿಮ್ಮಲ್ಲಿ ಚಳಿಗಾಲದ ಹೀಟಿಂಗ್ ಗಾಳೀನ ಒಣಗಿಸುತ್ತೆ, ತೇವ ಶೇ. 60ಕ್ಕಿಂತ ಇಳಿಯದ ಹಾಗೆ ನೋಡಿಕೊಳ್ಳಿ. ಎರಡೂ ಬದಿಗೆ ಒಂದೊಂದು, ಮೈ ಒತ್ತಿಕೊಂಡು ಕೂರುವಷ್ಟು ಇಕ್ಕಟ್ಟಿನ ಗೂಡು ಬೇಕು. ದೊಡ್ಡ ಗೂಡು ಕೊಟ್ಟರೆ ಖುಷಿಪಡುತ್ತೆ ಅನ್ನೋದು ಮನುಷ್ಯರ ಲೆಕ್ಕ.

ಸ್ಯಾನ್ ಹೋಸೆಯಿಂದ:
ಇಲಿ ಹೇಗೆ ಕೊಡ್ತೀರಿ? ಫ್ರೀಜರಿನದನ್ನು ಹಿಂದಿನ ರಾತ್ರಿ ಫ್ರಿಜ್‌ನಲ್ಲಿಟ್ಟು, ಆಮೇಲೆ ಪ್ಲಾಸ್ಟಿಕ್ ಚೀಲದ ಸಮೇತ ಬಿಸಿನೀರಲ್ಲಿ ಮುಳುಗಿಸಿ. ಮೈಕ್ರೋವೇವ್ ಮುಟ್ಟಲೇಬೇಡಿ. ಇದರ ತುಟಿಯ ಗುಳಿಗಳು ಶಾಖವನ್ನೇ ಹುಡುಕೋದು, ಅದಕ್ಕೆ ತಲೆ ಭಾಗ ಚೆನ್ನಾಗಿ ಬೆಚ್ಚಗಿರಲಿ. ದೀಪ ಆರಿಸಿ, ಉದ್ದ ಚಿಮಟದಲ್ಲಿ ಹಿಡಿಯಿರಿ. ಹತ್ತು ದಿನಕ್ಕೊಂದು ಸಲ ಸಾಕು. ಕಣ್ಣು ಮಂಜಾಗಿ ಪೊರೆ ಬಿಡೋ ಹೊತ್ತಲ್ಲಿ ಆ ಪ್ರಯತ್ನವೂ ಬೇಡ.
ಹಟಕ್ಕೆ ಬಿದ್ದು ಜೀವಂತ ಇಲಿ ಬಿಟ್ಟು ಮಲಗಿಬಿಡಬೇಡಿ. ನಾನು ಬಿಟ್ಟಿದ್ದೆ. ಬೆಳಗ್ಗೆ ನೋಡಿದರೆ ಇಲಿಯೇ ಹಾವಿನ ಬೆನ್ನು ಕಚ್ಚಿತ್ತು. ಆ ಕಲೆ ಇವತ್ತಿಗೂ ಇದೆ.

ಬೆಂಗಳೂರಿನಿಂದ:
ಇದನ್ನು ಓದಿ ಊರಲ್ಲಿ ಯಾರೂ ಕೇರೆಯನ್ನೋ ನಮ್ಮ ಹೆಬ್ಬಾವನ್ನೋ ಹಿಡಿದು ತರಬೇಡ್ರಪ್ಪ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಕೇಳಿದವರು, ಮರುದಿನ:
ಎಲ್ಲರಿಗೂ ಥ್ಯಾಂಕ್ಸ್. ಬಿಸಿ ಬದಿಯ ನೆಲ ಅಳೆದರೆ 28 ಇತ್ತು! ಮಗ ಥರ್ಮೋಸ್ಟಾಟ್ ಸರಿ ಮಾಡಿದ. ತೂಕ ಅಕ್ಟೋಬರ್‌ನಲ್ಲಿ 1,140 ಗ್ರಾಂ, ಇವತ್ತು 1,112. ಮುಂದಿನ ಶನಿವಾರದವರೆಗೆ ಇಲಿ ತೋರಿಸಲ್ಲ, ಮುಟ್ಟೋದೂ ಇಲ್ಲ ಅಂತ ಒಪ್ಪಂದ ಆಗಿದೆ. ಅಮ್ಮನಿಗೆ ಮಾತ್ರ ಹಾಲಿಟ್ಟಿದ್ದೀನಿ ಅಂತ ಹೇಳಿದ್ದೀನಿ.