ಪದಚರ್ಚೆ: ಕೆಟ್ಟ ಕನಸು ‘ನನಸಾಗ’ಬಹುದೇ?

ಎಲ್ಲರಿಗೂ ನಮಸ್ಕಾರ.

ಜಪಾನಿನ ಮಂಗಾ ಚಿತ್ರಕಥೆಗಾರ್ತಿ ರ್ಯೊ ತತ್ಸುಕಿ ಅವರ ಬಗ್ಗೆ ಒಂದು ಸಣ್ಣ ಬರಹ ಬರೆಯುತ್ತಿದ್ದೆ. ತಮಗೆ ಬಿದ್ದ ಕನಸುಗಳನ್ನು ಬರೆದಿಟ್ಟುಕೊಂಡು ಅವನ್ನೇ ಕಥೆ ಮಾಡಿದವರು. 1999ರಲ್ಲಿ ಬಂದ ಅವರ ಪುಸ್ತಕದ ಮುಖಪುಟದಲ್ಲಿ 2011ರ ಮಾರ್ಚ್‌ನಲ್ಲಿ ಮಹಾವಿಪತ್ತು ಎಂಬರ್ಥದ ಒಂದು ಸಾಲಿತ್ತು. ಆ ವರ್ಷ ಮಾರ್ಚ್ 11ರಂದು ತೊಹೊಕು ಭೂಕಂಪ, ಸುನಾಮಿ ಆದ ಮೇಲೆ ಮೂಲೆ ಸೇರಿದ್ದ ಪುಸ್ತಕಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. 2021ರ ಮರುಮುದ್ರಣದಲ್ಲಿ ಹೊಸ ಕನಸೊಂದು ಸೇರಿತು: 2025ರ ಜುಲೈನಲ್ಲಿ ಅದಕ್ಕಿಂತ ದೊಡ್ಡ ಸುನಾಮಿ. ಕನಸು ಬಿದ್ದ ತಾರೀಖು ಜುಲೈ 5, ಜನ ಅದನ್ನೇ ಸುನಾಮಿಯ ದಿನ ಅಂತ ಹಿಡಿದುಕೊಂಡರು. ಹಾಂಗ್‌ಕಾಂಗಿನವರು ಜಪಾನಿಗೆ ಹೋಗಲು ಹಿಂಜರಿದು, ಅಲ್ಲಿಂದ ಹೊರಡುವ ವಿಮಾನಗಳೇ ಕಡಿಮೆಯಾದವು. ಜುಲೈ 5 ಬಂತು, ಹೋಯಿತು.

ಇಲ್ಲಿಗೆ ಬಂದು ನಾನು ಬರೆದ ವಾಕ್ಯ: ‘ಆದರೆ ತತ್ಸುಕಿಯವರ ಕನಸು ನನಸಾಗಲಿಲ್ಲ.’ ಹಿಂದೆ ನಿಂತು ಓದುತ್ತಿದ್ದ ಅಕ್ಕ, ‘ಪಾಪ, ಏನಾಗ್ಬೇಕಂತ ಮಾಡಿದ್ಲಂತ ಆಕಿ?’ ಅಂದಳು.

ನಗು ಬಂತು, ಆದರೆ ವಾಕ್ಯ ಕೆಟ್ಟಿತ್ತು. ‘ನನಸಾಗು’ ಅಂದೊಡನೆ ಕನಸು ಆಸೆಯಾಗಿಬಿಡುತ್ತದೆ. ಸ್ವಂತ ಮನೆಯ ಕನಸು ನನಸಾಗುತ್ತದೆ, ಮಗಳು ಡಾಕ್ಟರಾಗುವ ಕನಸು ನನಸಾಗುತ್ತದೆ; ಸುನಾಮಿಯ ಕನಸು ನನಸಾಗುವುದೇ? ಪದದ ಮೂಲದಲ್ಲಂತೂ ಆಸೆಯ ಸುಳಿವೇ ಇಲ್ಲ. ನನಸು ಅಂದರೆ ಎಚ್ಚರ, ದಿಟ. ತಮಿಳಿನಲ್ಲಿ ಕನವು–ನನವು ಅನ್ನುವ ಜೋಡಿ ಹೀಗೆಯೇ ಇದೆ. ನನವು ಅಲ್ಲಿ ಬರೀ ಎಚ್ಚರದ ಸ್ಥಿತಿ. ನಾವು ಆ ಪದವನ್ನು ಎಚ್ಚರದಿಂದ ಬಿಡಿಸಿ ಸಾಧನೆಯ ಭಾಷಣಕ್ಕೆ ಒಪ್ಪಿಸಿಬಿಟ್ಟಿದ್ದೇವೆ. ‘ಕನಸು ಕಾಣು’ಗೂ ಅದೇ ಗತಿ. ‘ಅವರು ಸುನಾಮಿಯ ಕನಸು ಕಂಡಿದ್ದರು’ ಅಂತ ಬರೆದು ನೋಡಿ, ಸುನಾಮಿಗಾಗಿ ಹಂಬಲಿಸಿದ ಹಾಗಿದೆ. ಪುಣ್ಯಕ್ಕೆ ‘ಬೀಳು’ ಉಳಿದಿದೆ. ನನಗೆ ಕನಸು ಬಿತ್ತು ಅಂದರೆ ಅದರಲ್ಲಿ ನನ್ನ ಕೈವಾಡ ಏನೂ ಇಲ್ಲ.

ಈ ‘ಬೀಳು’ ನನಗೆ ಇನ್ನೊಂದು ಕಡೆ ಉಪಯೋಗಕ್ಕೆ ಬಂತು. ಕನಸು ಬಿದ್ದ ದಿನವೇ ಏನಾದರೂ ನಡೆಯುವ ದಿನವಲ್ಲ ಎಂದು ತತ್ಸುಕಿಯವರೇ ಆಮೇಲೆ ಸ್ಪಷ್ಟ ಮಾಡಿದರು. ಬಿದ್ದ ದಿನ ಬೇರೆ, ಫಲಿಸುವ ದಿನ ಬೇರೆ. ನಮ್ಮವರು ಇದನ್ನು ಎಂದೋ ಬೇರೆ ಮಾಡಿಟ್ಟಿದ್ದಾರೆ. ಬೆಳಗಿನ ಜಾವದ ಕನಸಿಗೆ ಬೇಗ ಫಲ ಅನ್ನುತ್ತೇವಲ್ಲ! ಚಂದ್ರಗುಪ್ತನಿಗೆ ಬಿದ್ದ 16 ಕನಸುಗಳಿಗೆ ಭದ್ರಬಾಹು ಮುನಿಗಳು ಹೇಳಿದ್ದೂ ಫಲವನ್ನೇ. ಹನ್ನೆರಡು ಹೆಡೆಯ ಹಾವು ಕಂಡದ್ದಕ್ಕೆ ಹನ್ನೆರಡು ವರ್ಷದ ಬರ ಅಂದರು, ಆ ಬರದ ಕಥೆಯೇ ಅವರನ್ನು ಶ್ರವಣಬೆಳಗೊಳಕ್ಕೆ ತಂದು ಮುಟ್ಟಿಸುತ್ತದೆ. ಹಾಗಾಗಿ ‘ಕನಸು ಫಲಿಸಲಿಲ್ಲ’ ಅಂತ ತಿದ್ದಿದೆ. ಶಾಪವೂ ಫಲಿಸುತ್ತದಲ್ಲ, ಕೆಟ್ಟದ್ದಕ್ಕೂ ಸಲ್ಲುತ್ತದೆ ಎಂಬ ಲೆಕ್ಕಾಚಾರ.

ಜಪಾನೀಯರಿಗೆ ಈ ತಾಪತ್ರಯವಿಲ್ಲ. ಬಿದ್ದ ಹಾಗೆಯೇ ನಡೆಯುವ ಕನಸಿಗೆ ಅವರಲ್ಲಿ ‘ಮಸಯುಮೆ’ ಎಂದೂ, ತದ್ವಿರುದ್ಧವಾಗಿ ನಡೆಯುವುದಕ್ಕೆ ‘ಸಕಯುಮೆ’ ಎಂದೂ ಬೇರೆ ಬೇರೆ ಪದಗಳಿವೆ. ಎರಡನೆಯದರ ನಂಬಿಕೆ ನಮ್ಮಲ್ಲೂ ಧಾರಾಳವಾಗಿದೆ: ಸತ್ತ ಹಾಗೆ ಕನಸು ಬಿದ್ದರೆ ಆಯಸ್ಸು ಹೆಚ್ಚು. ನಂಬಿಕೆ ಇದೆ, ಅದಕ್ಕೊಂದು ಹೆಸರಿಲ್ಲ. ದಿಟಗನಸು, ತಿರುಗನಸು ಅಂತ ಕಟ್ಟಿ ನೋಡಿದೆ. ಮೊದಲನೆಯದು ನಿಲ್ಲಬಹುದು, ಎರಡನೆಯದು ಯಾಕೋ ತಿರುಗಣಿಯಂತೆ ಕೇಳಿಸುತ್ತದೆ. ‘ಪ್ರವಾದಿ’ಯಿಂದ ಏನನ್ನಾದರೂ ಕಟ್ಟೋಣವೆಂದರೆ ಅದು ಧರ್ಮಗ್ರಂಥಗಳ ಪದ, ಮೇಲಾಗಿ ಸಂಸ್ಕೃತದ ‘ಪ್ರವಾದ’ಕ್ಕೆ ಗಾಳಿಮಾತು ಎಂಬ ಅರ್ಥವೂ ಇದೆ. (ಜುಲೈ 5ರ ಮಟ್ಟಿಗೆ ಅದೇ ಸರಿಯಾದ ಪದವೇನೋ!) ತತ್ಸುಕಿಯವರನ್ನು ಹಲವರು ‘ಜಪಾನಿನ ಬಾಬಾ ವಂಗಾ’ ಅಂದರು. ಬಾಬಾ ಅಂದೊಡನೆ ನಮ್ಮ ಕಣ್ಣಿಗೆ ಗಡ್ಡದ ಸಾಧು ಬರುತ್ತಾನೆ. ಬಲ್ಗೇರಿಯಾದ ಮಾತಿನಲ್ಲಿ ಬಾಬಾ ಎಂದರೆ ಅಜ್ಜಿ. ಭವಿಷ್ಯ ಹೇಳುತ್ತಾಳೆಂದು ಹೆಸರಾಗಿ 1996ರಲ್ಲಿ ತೀರಿಕೊಂಡ ಆ ಕುರುಡು ಮುದುಕಿ ವಂಗಜ್ಜಿ, ಅಷ್ಟೇ.

ಇನ್ನು ಕ್ರಿಯಾಪದದ ಮಾತು. ನನ್ನ ನಿಜವಾದ ತಕರಾರು ಇಲ್ಲಿದೆ. ‘ಸಂಭವಿಸಲಿದೆ’, ‘ಮುಳುಗಲಿದೆ’, ‘ಅಂತ್ಯವಾಗಲಿದೆ’ ಅಂತ ಬರೆಯುತ್ತೇವೆ. ‘ಆಗಲಿದೆ’ ಅನ್ನುವುದು ರೈಲಿನ ವೇಳಾಪಟ್ಟಿಗೆ, ಮುಖ್ಯಮಂತ್ರಿಯ ಪ್ರವಾಸಕ್ಕೆ ಸರಿ. ನಾನು ರಾಣೆಬೆನ್ನೂರು ಕಡೆಯವನು, ದೇವರಗುಡ್ಡ ನಮಗೆ ಹತ್ತಿರ, ಮೈಲಾರವೂ ದೂರವಲ್ಲ. ಅಲ್ಲಿನ ಜಾತ್ರೆಗಳಲ್ಲಿ ಮೈಲಾರಲಿಂಗನ ಭಕ್ತ ಗೊರವಯ್ಯ ಉಪವಾಸವಿದ್ದು ಎತ್ತರದ ಬಿಲ್ಲೇರಿ, ‘ಸದ್ದಲೇ’ ಅಂತ ಇಡೀ ಜಾತ್ರೆಯನ್ನು ಸುಮ್ಮನಾಗಿಸಿ ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ. ಮುಂದಾಗುವುದನ್ನು ಹೇಳುವ ಆ ಕಾರಣಿಕದ ನುಡಿ ಮುಗಿಯುವುದು ‘ಆಯಿತಲೇ ಪರಾಕ್’ ಎಂದೋ ‘ಆದೀತಲೇ ಪರಾಕ್’ ಎಂದೋ. ಒಂದೋ ಆಗಿಹೋದ ಹಾಗೆ, ಇಲ್ಲವೇ ಆಗಬಹುದು ಎಂಬ ಹಾಗೆ. ‘ಆಗಲಿದೆ ಪರಾಕ್’ ಅಂತ ನಾನು ಕೇಳಿದ್ದಿಲ್ಲ. ನಂಬುವುದು ಬಿಡುವುದು ಕೇಳುವವನಿಗೆ ಬಿಟ್ಟದ್ದು ಅನ್ನುವುದನ್ನು ಆ ‘ಈತು’ ಪ್ರತ್ಯಯವೇ ಹೇಳಿಬಿಡುತ್ತದೆ. 2012ರ ಡಿಸೆಂಬರ್ 21ಕ್ಕೆ ಮಾಯಾ ಪಂಚಾಂಗದ ಒಂದು ದೊಡ್ಡ ಸುತ್ತು ಮುಗಿದದ್ದನ್ನು ‘ಪ್ರಳಯವಾಗಲಿದೆ’ ಅನ್ನದೆ ‘ಪ್ರಳಯವಾದೀತಂತೆ’ ಅಂದಿದ್ದರೆ ನಮ್ಮ ಓಣಿಯಲ್ಲಿ ಅರ್ಧ ಜನ ನಿದ್ದೆಗೆಡುತ್ತಿರಲಿಲ್ಲ. ಆ ‘ಅಂತೆ’ ಇದೆಯಲ್ಲ, ಎತ್ತು ಈಯಿತು ಅಂದವನಿಗೆ ಕೊಟ್ಟಿಗೆಗೆ ಹೋಗಿ ನೋಡಿಕೊಂಡು ಬಾ ಅಂದ ಹಾಗೆ.

ನನಗೆ ಈ ಕನಸುಗಳಲ್ಲಿ ನಂಬಿಕೆ ಇಲ್ಲ. 2025ರ ಜುಲೈ 30ರಂದು ರಷ್ಯಾದ ಕಮ್ಚಾಟ್ಕಾದಲ್ಲಿ 8.8 ತೀವ್ರತೆಯ ಭೂಕಂಪವಾಗಿ ಜಪಾನಿನ ಕರಾವಳಿಗೂ ಸುನಾಮಿ ಎಚ್ಚರಿಕೆ ಕೊಟ್ಟಾಗ, ‘ನೋಡಿ, ಹೇಳಿದ್ದರಲ್ಲ’ ಅಂತ ಎಷ್ಟೋ ಜನ ಎದ್ದು ಕೂತರು. ಅಲ್ಲಿ ತಲುಪಿದ ಅಲೆಗಳು ಕನಸಿನ ಅಲೆಗಳ ಹತ್ತಿರಕ್ಕೂ ಬರಲಿಲ್ಲ. ಇಂಥವರ ಬಗ್ಗೆ ಬರೆಯುವಾಗ ‘ಫಲಿಸಿತು’ ಬೇಡ, ‘ತಾಳೆ ಹಾಕಿದರು’ ಸಾಕು ಅನ್ನಿಸಿತು.

ಕರಾವಳಿಯ ಗೆಳೆಯರಿಗೆ ಒಂದು ಪ್ರಶ್ನೆ: ನಿಮ್ಮಲ್ಲಿ ಕಾರಣಿಕ ಅಂದರೆ ದೈವದ ಮಹಿಮೆ, ಪವಾಡದ ಶಕ್ತಿ. ಮುಂದಾಗುವುದನ್ನು ಹೇಳುವ ಮಾತು ನಿಮಗೆ ಬರೀ ‘ನುಡಿ’ಯೇ, ಬೇರೆ ಪದವಿದೆಯೇ? ಹಾಗೆಯೇ, ಕೆಟ್ಟ ಕನಸು ನಿಜವಾದಾಗ ನಿಮ್ಮ ಮನೆಗಳಲ್ಲಿ ಏನನ್ನುತ್ತಾರೆ?

ತಿದ್ದಿದ ವಾಕ್ಯವನ್ನು ಅಕ್ಕನಿಗೆ ತೋರಿಸಿದ್ದಾಯಿತು. ‘ಫಲ ಅಂದ್ರ ಛಲೋದಲ್ಲೇನು?’ ಅಂದಳು.