ಅಪ್‌ಡೇಟ್: ಪದೇ ಪದೇ ಮೂತ್ರ, ಎಣಿಸುವುದಕ್ಕಿಂತ ಅಳೆಯುವುದು ಮುಖ್ಯ

ಹಗಲು ಹನ್ನೆರಡು ಸಲ, ರಾತ್ರಿ ಮೂರು ಸಲ ಮೂತ್ರಕ್ಕೆ ಹೋಗಬೇಕಾಗುತ್ತದೆ, ಡಾಕ್ಟರಿಗೆ ತೋರಿಸಬೇಕೇ ಎಂದು ಕೇಳಿದ್ದೆ. ತೋರಿಸಿದ್ದಾಯಿತು. ಉತ್ತರಿಸಿದವರಿಗೆಲ್ಲ ಧನ್ಯವಾದ.

ಮೊದಲು ಬೇಕಾದದ್ದು ಮೂರು ದಿನದ ಲೆಕ್ಕ. ಅಳತೆಯ ಜಗ್ಗಿನಲ್ಲಿ ಹಿಡಿದು ಹೊತ್ತು, ಮಿಲಿಲೀಟರ್, ಕುಡಿದದ್ದು ಎಷ್ಟು ಎಂದು ಬರೆದಿಡಬೇಕು. ದಿನದ ಒಟ್ಟು 3 ಲೀಟರ್ ದಾಟಿದರೆ ಮೂತ್ರ ತಯಾರಾಗುವುದೇ ಹೆಚ್ಚು ಎಂದರ್ಥ. ಸಕ್ಕರೆ ಕಾಯಿಲೆ, ವಿಪರೀತ ನೀರು ಕುಡಿಯುವ ಅಭ್ಯಾಸ, ಬಿ.ಪಿ.ಗೆ ಕೊಡುವ ನೀರಿಳಿಸುವ ಮಾತ್ರೆ ಇವುಗಳನ್ನು ನೋಡಬೇಕು. ಒಟ್ಟು ಒಂದೂವರೆ ಲೀಟರೇ ಇದ್ದು ಪ್ರತಿ ಸಲ 100 ಮಿ.ಲೀ. ಬಂದರೆ ತೊಂದರೆ ಹೆಚ್ಚಾಗಿ ಮೂತ್ರಕೋಶದ ಕಡೆ: ಸೋಂಕು, ಊದಿದ ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ), ಪೂರ್ತಿ ಖಾಲಿಯಾಗದ ಚೀಲ. ನನ್ನ ಲೆಕ್ಕ ಬಿದ್ದದ್ದು ಇಲ್ಲಿ.

ಮೂತ್ರ ಪರೀಕ್ಷೆಗೆ ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ. ಕಲ್ಚರ್‌ಗೆ (ಮೂತ್ರದಲ್ಲಿರುವ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕೊಡುವ ಮೊದಲೇ ಆಂಟಿಬಯೋಟಿಕ್ ನುಂಗಿದರೆ ಸೋಂಕಿದ್ದರೂ ವರದಿಯಲ್ಲಿ ಕಾಣದೇ ಹೋಗಬಹುದು. (ಉಳಿದ ಮಾತ್ರೆ ನುಂಗುವ ಚಾಳಿ ಇಲ್ಲೇ ಕೈಕೊಡುವುದು.)

ನೀರು ಕಡಿಮೆ ಮಾಡಿ ಅಂದವರೂ ಇದ್ದರು. ಪೂರ್ತಿ ಕಡಿಮೆ ಮಾಡಿದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ. ಮಲಗುವ ಎರಡು ಗಂಟೆ ಮುಂಚೆ ನಿಲ್ಲಿಸಿದರೆ ಸಾಕು. ಸಂಜೆಯ ಕಾಫಿ, ಟೀ ಬಿಡಿ.

ಜ್ವರ, ಚಳಿ, ಪಕ್ಕೆಲುಬಿನ ಕೆಳಗೆ ಬೆನ್ನುನೋವು ಇದ್ದರೆ ಅದೇ ದಿನ ತೋರಿಸಿ. ಮೂತ್ರದಲ್ಲಿ ರಕ್ತ ಒಮ್ಮೆ ಕಂಡು ನಿಂತರೂ ತೋರಿಸಲೇಬೇಕು. ಮೂತ್ರ ಪೂರ್ತಿ ಕಟ್ಟಿಕೊಂಡರೆ, ತೊಡೆಸಂದಿ ಜೋಮು ಹಿಡಿದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.