‘ದೂರವಿರಿ’ ಅನ್ನುವ ರೀಲ್‌ಗೆ ನಮ್ಮ ಮನೆ ಗ್ರೂಪಿನಲ್ಲಿ ಬಂದ ಉತ್ತರಗಳು

ದೊಡ್ಡಪ್ಪ: (ಫಾರ್ವರ್ಡ್ ಆದ ರೀಲ್) ‘ಬಾರ್ಡರ್‌ಲೈನ್ ಪರ್ಸನಾಲಿಟಿ ಇರುವವರ 9 ಲಕ್ಷಣಗಳು. ಇವರು ಯಾವತ್ತೂ ಬದಲಾಗುವುದಿಲ್ಲ. ದೂರವಿರಿ.’ ಎಲ್ಲರೂ ನೋಡಿ. ಮಕ್ಕಳಿಗೆ ಸಂಬಂಧ ನೋಡುವಾಗ ಉಪಯೋಗಕ್ಕೆ ಬರುತ್ತದೆ.

ಭಾವ: ಹೌದು. ನಮ್ಮ ಹಳೇ ಆಫೀಸಿನಲ್ಲಿ ಒಬ್ಬರಿದ್ದರು. ಬೆಳಿಗ್ಗೆ ನೀವೇ ದೇವರು ಅನ್ನುತ್ತಿದ್ದರು, ಸಂಜೆಗೆ ಮುಖ ನೋಡುತ್ತಿರಲಿಲ್ಲ.

ನಾನು: ದೊಡ್ಡಪ್ಪ, ದಯವಿಟ್ಟು ಇದನ್ನು ಡಿಲೀಟ್ ಮಾಡಿ. ಇದು ಭಾವನೆಗಳೂ ಸಂಬಂಧಗಳೂ ಹತೋಟಿಗೆ ಸಿಗದೆ ಏರುಪೇರಾಗುವ ಒಂದು ಮಾನಸಿಕ ಕಾಯಿಲೆ. ನನ್ನ ಕೆಲಸವೇ ಈ ಕಾಯಿಲೆ ಇರುವವರ ಜೊತೆ ಕೂತು ಮಾತಾಡುವುದು. ಲಕ್ಷಣಗಳು ಒಂಬತ್ತು ಅನ್ನುವುದು ನಿಜ. ಆದರೆ ಅದರಲ್ಲಿ ಐದಾದರೂ ಇರಬೇಕು, ವರ್ಷಗಟ್ಟಲೆ ಇರಬೇಕು, ಬದುಕೇ ಹದಗೆಟ್ಟಿರಬೇಕು. ಹೆಣ್ಣು ನೋಡಲು ಹೋದ ಒಂದು ಗಂಟೆಯಲ್ಲಿ ಗೊತ್ತಾಗುವಂಥದ್ದಲ್ಲ.

‘ಬದಲಾಗುವುದಿಲ್ಲ’ ಅನ್ನುವುದಂತೂ ಸುಳ್ಳು. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯವರು 1992ರಿಂದ ಈ ಕಾಯಿಲೆಯ 290 ಜನರನ್ನು ಬಿಡದೆ ಗಮನಿಸಿದರು. 10 ವರ್ಷ ಆಗುವಷ್ಟರಲ್ಲಿ 93% ಜನರ ಲಕ್ಷಣಗಳು ತಗ್ಗಿ, ಕನಿಷ್ಠ 2 ವರ್ಷ ಹಾಗೇ ಉಳಿದಿದ್ದವು. ಕೆಲಸ, ಸ್ನೇಹ ಎಲ್ಲ ಸರಿಹೋದವರು ಅರ್ಧದಷ್ಟು. ಅದನ್ನೂ ಹೇಳಬೇಕು.

ಭಾವ: ಹಾಗಾದರೆ ಮಾತ್ರೆ ಕೊಟ್ಟರೆ ಮುಗೀತು ಅಲ್ವಾ?

ನಾನು: ಇದಕ್ಕೆ ಅಂತಲೇ ಒಪ್ಪಿಗೆ ಪಡೆದ ಮಾತ್ರೆ ಅಮೆರಿಕದಲ್ಲೂ ಇಲ್ಲ ಭಾವ. ಲ್ಯಾಮೋಟ್ರಿಜಿನ್ ಅನ್ನುವ ಮಾತ್ರೆಯ ಮೇಲೆ ಜಾಸ್ತಿ ಭರವಸೆ ಇತ್ತು. 2018ರಲ್ಲಿ ಬ್ರಿಟನ್ನಿನ ಪರೀಕ್ಷೆಯ ಫಲಿತಾಂಶ ಬಂತು. ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಅದು ಮೇಲಲ್ಲ ಅಂತ ಗೊತ್ತಾಯಿತು. ಜೊತೆಗೆ ಖಿನ್ನತೆಯೋ ನಿದ್ದೆಯ ತೊಂದರೆಯೋ ಇದ್ದರೆ ಅದಕ್ಕೆ ಮಾತ್ರೆ ಬೇಕಾಗಬಹುದು. ಮೂಲ ಕಾಯಿಲೆಗೆ ಮಾತೇ ಚಿಕಿತ್ಸೆ.

ಚಿಕ್ಕಮ್ಮ: ಹೇಳುವುದು ಸುಲಭ ಕಣೇ. ನನ್ನ ಗೆಳತಿ ಮಗಳು ಒಬ್ಬರಾದ ಮೇಲೆ ಒಬ್ಬರು ಡಾಕ್ಟರನ್ನು ಬಿಟ್ಟಳು. ಕೊನೆಯವರು ‘ಇವಳದ್ದು ಬರೀ ನಾಟಕ’ ಅಂದುಬಿಟ್ಟರು. ಬಿರುಬೇಸಿಗೆಯಲ್ಲೂ ಉದ್ದ ತೋಳಿನ ಟಾಪ್ ಹಾಕುತ್ತಾಳೆ. ಯಾಕೆ ಅಂತ ನಮಗೆಲ್ಲ ಗೊತ್ತು.

ನಾನು: ಚಿಕ್ಕಮ್ಮ, ಇದೇ ನಮ್ಮ ದೊಡ್ಡ ಕಷ್ಟ. ಎಲ್ಲರೂ ನನ್ನನ್ನು ಬಿಟ್ಟುಹೋಗುತ್ತಾರೆ ಅನ್ನುವ ಭಯ ಈ ಕಾಯಿಲೆಯ ಬೇರು. ನಮ್ಮ ಕೈಯಲ್ಲಿರುವ ಔಷಧಿಯೋ ಇನ್ನೊಬ್ಬ ಮನುಷ್ಯರ ಜೊತೆಗಿನ ಸಂಬಂಧ. ಹಾಗಾಗಿ ಥೆರಪಿಸ್ಟ್ ಒಂದು ವಾರ ರಜೆ ಹಾಕಿದರೂ ಆ ಭಯ ಭುಗಿಲೇಳುತ್ತದೆ. ‘ನಿಮ್ಮಂಥವರೇ ಇಲ್ಲ’ ಅಂದವರು ಮುಂದಿನ ವಾರ ಬೈದು ಎದ್ದು ಹೋಗುತ್ತಾರೆ. ನಮಗೂ ನೋವಾಗುತ್ತದೆ. ಆಗ ನಾವು ‘ನಾಟಕ’ ಅಂದು ಕೈತೊಳೆದುಕೊಂಡರೆ, ಅವರು ಹೆದರಿದ್ದೇ ನಿಜವಾಯಿತು ಅಲ್ವಾ?

ಇದಕ್ಕೆಂದೇ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನೆಹನ್, ತಾವು ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಅನ್ನುವ ಮಾತಿನ ಚಿಕಿತ್ಸೆಯಲ್ಲಿ ಥೆರಪಿಸ್ಟ್‌ಗಳಿಗೂ ಒಂದು ತಂಡ ಇಟ್ಟರು. ವಾರಕ್ಕೊಮ್ಮೆ ಕೂತು ಒಬ್ಬರನ್ನೊಬ್ಬರು ಸಂಭಾಳಿಸುತ್ತಾರೆ. ಹದಿನೇಳರ ವಯಸ್ಸಿನಲ್ಲಿ ನಾನೂ ಆಸ್ಪತ್ರೆ ಸೇರಿದ್ದೆ, ಮೈ ಕೊಯ್ದುಕೊಳ್ಳುತ್ತಿದ್ದೆ ಅಂತ ಆಕೆ 2011ರಲ್ಲಿ ಎಲ್ಲರೆದುರು ಹೇಳಿದರು.

ಚಿಕ್ಕಮ್ಮ: ಅದರಲ್ಲಿ ಮಾಡುವುದೇನು?

ನಾನು: ದಿನಾ ಒಂದು ಕಾರ್ಡ್ ತುಂಬಬೇಕು. ಇವತ್ತು ಕೊಯ್ದುಕೊಳ್ಳಬೇಕು ಅನ್ನಿಸಿದ್ದು ಎಷ್ಟು, ಸೊನ್ನೆಯಿಂದ ಐದರೊಳಗೆ. ನಿಜವಾಗಿ ಕೊಯ್ದುಕೊಂಡೆಯಾ, ಇಲ್ಲವಾ. ನಾಲ್ಕು ಅಂತ ಬರೆದು ಪಕ್ಕದಲ್ಲಿ ‘ಇಲ್ಲ’ ಅಂತ ಬರೆದ ದಿನ ಇದೆಯಲ್ಲ, ಅದು ದೊಡ್ಡ ದಿನ. ಆ ಗಳಿಗೆಯಲ್ಲಿ ಥೆರಪಿಸ್ಟ್‌ಗೆ ಫೋನ್ ಮಾಡಿ, ತಣ್ಣೀರಿಗೆ ಮುಖ ಅದ್ದಿ, ಹೇಗೋ ತಡೆದಿರುತ್ತಾರೆ. ಇದರ ಜೊತೆ ವಾರಕ್ಕೊಂದು ಭೇಟಿ, ವಾರಕ್ಕೊಂದು ಗುಂಪು ತರಗತಿ, ಸುಮಾರು ಒಂದು ವರ್ಷ. ಕಲಿತ ಥೆರಪಿಸ್ಟ್‌ಗಳು ಕಡಿಮೆ, ಇರುವವರೂ ದೊಡ್ಡ ಊರುಗಳಲ್ಲೇ ಜಾಸ್ತಿ. ಸಿಂಧನೂರಿನ ಹುಡುಗಿ ಪ್ರತಿ ವಾರ ಬೆಂಗಳೂರಿಗೆ ಹೇಗೆ ಬರಬೇಕು? ನನಗೆ ಸಿಟ್ಟು ಬರುವುದು ಇದಕ್ಕೆ.

ಆದರೆ ಟೊರಾಂಟೊದಲ್ಲಿ 180 ಜನರ ಮೇಲೆ ಡಿಬಿಟಿಯನ್ನೂ, ಶಿಸ್ತಿನಿಂದ ಕೊಟ್ಟ ಮನೋವೈದ್ಯರ ಸಾಮಾನ್ಯ ಆರೈಕೆಯನ್ನೂ ಹೋಲಿಸಿ ನೋಡಿದರು. 2009ರಲ್ಲಿ ಫಲಿತಾಂಶ ಬಂತು. ಎರಡೂ ಕಡೆಯವರು ಒಂದೇ ಮಟ್ಟಕ್ಕೆ ಸುಧಾರಿಸಿದ್ದರು. ಈ ಕಾಯಿಲೆ ಅರ್ಥವಾಗಿರುವ, ಮಧ್ಯದಲ್ಲಿ ಬಿಟ್ಟುಹೋಗದ ಒಬ್ಬ ಡಾಕ್ಟರ್ ಜಿಲ್ಲಾ ಆಸ್ಪತ್ರೆಯಲ್ಲಿ ಇದ್ದರೂ ಎಷ್ಟೋ ಆಗುತ್ತದೆ.

ದೊಡ್ಡಪ್ಪ: ಎಲ್ಲ ಸರಿ. ಮನೆಯವರ ಪಾಡು? ನರಳುವವರು ಅವರು. ಮದುವೆಗೆ ಮುಂಚೆ ಇದನ್ನು ಮುಚ್ಚಿಡುವುದು ತಪ್ಪು ಅಂತಲೇ ನಾನು ಹೇಳುವುದು.

ನಾನು: ಮುಚ್ಚಿಡಿ ಅಂತ ನಾನು ಹೇಳಲಿಲ್ಲ ದೊಡ್ಡಪ್ಪ. ಹೊಡೆತ ಬಡಿತ ಇದ್ದರೆ ದೂರ ಹೋಗುವುದೇ ಸರಿ. ಆದರೆ ಈ ರೀಲ್ ನೋಡಿದ ಆ ಹುಡುಗಿ ನಾಳೆ ಆಸ್ಪತ್ರೆ ಮೆಟ್ಟಿಲು ಹತ್ತುತ್ತಾಳಾ?

ದೊಡ್ಡಪ್ಪ: ತೆಗೆದಿದ್ದೇನೆ. ಮದುವೆ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಅದೇ.

ಚಿಕ್ಕಮ್ಮ: ಗೆಳತಿಗೆ ಈಗ ಏನು ಹೇಳಲಿ?

ನಾನು: ಇವತ್ತು ರಾತ್ರಿ ಕಷ್ಟ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416. ಯಾವ ಹೊತ್ತಿಗೂ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮುಂದಿನದಕ್ಕೆ ಅವಳು ಒಪ್ಪಿದರೆ ನನ್ನ ನಂಬರ್ ಕೊಡಿ. ಒಪ್ಪಿದರೆ ಮಾತ್ರ, ಬಲವಂತ ಬೇಡ.